ಮೆಟ್ಟಿಲ ಮೇಲಿನ ಹಲ್ಲುನೋವು

"ಎಂತ ಮಾಷ್ಟ್ರೇ, ಇಲ್ಲಿ?"

ಬದಿಯಡ್ಕದ ಆ ಕಟ್ಟಡದ ಮೆಟ್ಟಿಲ ಮೇಲೆ ನನ್ನ ಕಾಲು ನಿಂತೇ ಹೋಯಿತು. ತಿರುಗಿದರೆ ನೆಕ್ರಾಜೆಯ ಐತಪ್ಪಣ್ಣ. ಸರಕಾರಿ ಮದ್ಯದಂಗಡಿಯ ಕ್ಯೂವಿನಲ್ಲಿ ವರ್ಷಗಟ್ಟಲೆ ನನ್ನ ಹಿಂದೆಯೇ ನಿಂತವರು. ನನಗೆ ತಡವಾದರೆ ತಮ್ಮ ಮುಂದೆ ಜಾಗ ಹಿಡಿದಿಡುತ್ತಿದ್ದರು. ಅಲ್ಲಿ ಹಾಡಹಗಲೇ ನಿಲ್ಲಲು ನನಗೆಂದೂ ನಾಚಿಕೆಯಾಗಿರಲಿಲ್ಲ. ಕುಡಿತ ಬಿಡುವವರ ಸಭೆಗೆ ಮೊದಲ ಸಲ ಹೊರಟ ಆ ಭಾನುವಾರ ಮಾತ್ರ ತಲೆಗೆ, ಮುಖಕ್ಕೆ ಬೈರಾಸು ಸುತ್ತಿಕೊಂಡು ಬಂದಿದ್ದೆ. ಅಷ್ಟು ವರ್ಷ ನನ್ನ ಬೆನ್ನನ್ನೇ ನೋಡಿದವರಿಗೆ ಆ ಮರೆ ಯಾವ ಲೆಕ್ಕ!

"ಹಲ್ಲುನೋವು. ಮೇಲೆ ಡಾಕ್ಟ್ರು ಇದ್ದಾರಲ್ಲ," ಎಂದು ಕೆನ್ನೆ ಹಿಡಿದುಕೊಂಡೆ.

"ಮೇಲೆ ಹಲ್ಲಿನ ಡಾಕ್ಟ್ರು ಯಾರೂ ಇಲ್ಲ ಮಾರಾಯ್ರೆ. ಹೋದ ವಾರ ನಾನು ಹೇಳಿದ್ದೂ ಇದೇ ಸುಳ್ಳು. ಬನ್ನಿ, ಅಲ್ಲಿ ಎಲ್ಲರಿಗೂ ಹಲ್ಲುನೋವೇ!"

ನಾನು ಗ್ಲಾಸು ಮುಟ್ಟದೆ ಏಳು ತಿಂಗಳಾಯಿತು. ಬಸ್ಸು ತಡವಾದರೆ ಐತಪ್ಪಣ್ಣ ಈಗಲೂ ನನಗೆ ಜಾಗ ಹಿಡಿದಿಡುತ್ತಾರೆ. ತಮ್ಮ ಮುಂದಿನ ಕುರ್ಚಿಗೆ ಬೈರಾಸು ಹಾಕಿ, ಯಾರಾದರೂ ಕೂರಲು ಬಂದರೆ, "ಅದು ಹಲ್ಲುನೋವಿನ ಮಾಷ್ಟ್ರದ್ದು," ಎನ್ನುತ್ತಾರೆ.