ದೇವದುರ್ಗದಲ್ಲಿ ಉದ್ರಿಕ್ತ ಸ್ಥಿತಿ

ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ರಾಯಚೂರಿನ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ನನಗೆ ಬರುತ್ತಿದ್ದದ್ದು ಎರಡೇ ವಿದ್ಯೆ. ಒಂದು, ಲ್ಯಾಬಿನ ಗಾಜು ಒಡೆಯುವುದು. ಇನ್ನೊಂದು, ಒಡೆದ ಮೇಲೆ ಎಲ್ಲರನ್ನೂ ನಗಿಸುವುದು. ನಾನು ಮುಟ್ಟಿದ ಮೀಟರಿನ ಮುಳ್ಳು ಮತ್ತೆ ಸೊನ್ನೆಗೆ ಬಂದ ದಾಖಲೆಯಿಲ್ಲ. ಒಡೆದ ಥರ್ಮಾಮೀಟರುಗಳ ಪಾಪವನ್ನಂತೂ ರಾಯಚೂರಿನ ಬಿಸಿಲಿನ ತಲೆಗೇ ಕಟ್ಟುತ್ತಿದ್ದೆ. ಪಾದರಸ ತಾನಾಗಿಯೇ ಗಾಜು ಒಡೆದುಕೊಂಡು ನೆರಳಿಗೆ ಓಡಿತು ಎಂದರೆ ಏಪ್ರಿಲ್ ತಿಂಗಳಲ್ಲಿ ಯಾರೂ ಅನುಮಾನಪಡುತ್ತಿರಲಿಲ್ಲ.

ತುರ್ತು ಪರಿಸ್ಥಿತಿಯ ದಿನಗಳವು. ನನ್ನ ಜೊತೆ ಬಿ.ಎಸ್ಸಿ. ಓದಿದ ಗೆಳೆಯನೊಬ್ಬ ದೇವದುರ್ಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ. ಕುರಿ ಕಾಯುವವರ ಮನೆಯ ಹುಡುಗ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಜೂನಿಗೆ ಮಾಡುತ್ತೇವೆಂದು ಶಾಲೆಯ ಕಮಿಟಿಯವರು ಮಾತು ಕೊಟ್ಟಿದ್ದರು. ಮೊಣಕಾಲು ಹಿಡಿದಿದ್ದರೂ ಅವನ ಅಪ್ಪ ಹಿಂಡಿನ ಜೊತೆ ಊರಿಂದೂರಿಗೆ ನಡೆಯುತ್ತಿದ್ದ. ಖಾಯಂ ಆದ ದಿನವೇ ಅಪ್ಪನ ಕೈಯಿಂದ ಕೋಲು ಇಸಿದುಕೊಂಡು ಮನೆಯಲ್ಲಿ ಕೂಡಿಸಬೇಕು ಅನ್ನುವುದೊಂದೇ ಇವನ ಹಟ.

ಒಮ್ಮೆ ರಾಯಚೂರಿಗೆ ಬಂದಾಗ ಅವನು ನನ್ನನ್ನು ಕರೆದ.

"ಲೇ, ನಮ್ಮ ಹುಡುಗ್ರಿಗೆ ಪುಸ್ತಕದಾಗ ಇಲ್ಲದ್ದು ಏನರ ಹೇಳು ಬಾ. ದೊಡ್ಡ ದೊಡ್ಡ ವಿಜ್ಞಾನಿಗಳು ಈಗ ಏನ್ ಮಾಡಾಕತ್ತಾರ, ಅದನ್ನ."

"ಕ್ವಾಂಟಂ ಸ್ಟೇಟ್ ಹೇಳಲೇನು?"

"ಸ್ಟೇಟ್ ಅಂದ್ರ ನಮ್ಮ ಹೆಡ್‌ಮಾಸ್ತರು ನಿಜಾಮನ ಸ್ಟೇಟ್ ಅನ್ಕೋತಾರ. ಕನ್ನಡದಾಗ ಹೇಳಲೇ."

ಕನ್ನಡಕ್ಕೆ ತಿರುಗಿಸಲು ಕೂತೆ. ಸ್ಟೇಟ್ ಅಂದರೆ ಸ್ಥಿತಿ. ಎಲೆಕ್ಟ್ರಾನು ತೀರ ಕೆಳಗೆ ಶಾಂತವಾಗಿರುವುದು ತಳಸ್ಥಿತಿ. ಬೆಳಕು ನುಂಗಿ ಮೇಲಕ್ಕೆ ಏರಿದ್ದಕ್ಕೆ ಎರಡು ಮಾತು ಸಿಕ್ಕವು: ಉತ್ತೇಜಿತ, ಉದ್ರಿಕ್ತ. ಉತ್ತೇಜಿತ ಅನ್ನುವುದು ಟಾನಿಕ್ ಬಾಟಲಿಯ ಮೇಲೆ ಬರೆದ ಹಾಗೆ ಕೇಳಿಸಿತು. ಉದ್ರಿಕ್ತ ಮಾತ್ರ ಪೇಪರಿನಲ್ಲಿ ಗಲಾಟೆಯಾದ ಊರುಗಳ ಸುದ್ದಿಯಲ್ಲಿ ಬರುವ ಮಾತು. ನನ್ನೊಳಗಿನ ಮಂಗ ಅದನ್ನೇ ಹಿಡಿದುಕೊಂಡಿತು.

ದೇವದುರ್ಗದಲ್ಲಿ ಬಸ್ಸಿಳಿದು ಶಾಲೆಗೆ ಹೋದರೆ ಗೆಳೆಯ ಬೆಂಚು ಜೋಡಿಸುವ ಗಡಿಬಿಡಿಯಲ್ಲಿದ್ದ. ಗೇಟಿಗೆ ತೂಗುಹಾಕುವ ಕರಿಹಲಗೆಯ ಕೆಳಗೆ ವಿಜ್ಞಾನ ಸಂಘದ ಕಾರ್ಯದರ್ಶಿ ಎಂದು ಸಹಿ ಮಾಡಿ, ಮೇಲೆ ಖಾಲಿ ಬಿಟ್ಟು, ಸುಣ್ಣದ ಕಡ್ಡಿ ನನ್ನ ಕೈಗಿಟ್ಟ.

"ಮ್ಯಾಲಿಂದು ನೀನ ಬರಿ. ನಿನ್ನ ಅಕ್ಷರ ದುಂಡಗ ಅದಾವ."

ದುಂಡಗೆ ಬರೆದೆ: "ಇಂದು ಸಂಜೆ ದೇವದುರ್ಗದಲ್ಲಿ ಉದ್ರಿಕ್ತ ಸ್ಥಿತಿ. ಎಲ್ಲರೂ ಬನ್ನಿ."

'ಪರಮಾಣುವಿನ' ಎಂಬ ಮಾತಿಗೆ ಹಲಗೆಯಲ್ಲಿ ಜಾಗವಿತ್ತು. ಬರೆದರೆ ಮಜಾ ಹೋಗುತ್ತದೆಂದು ಬಿಟ್ಟೆ. ಗೆಳೆಯ ಓಡಾಡುತ್ತಲೇ ಓದಿ, ನಕ್ಕು, ಹುಡುಗನೊಬ್ಬನ ಕೈಯಲ್ಲಿ ಗೇಟಿಗೆ ಕಟ್ಟಿಸಿದ.

ಜನ ಬಂದದ್ದೇ ಬಂದದ್ದು. ಸಂತೆಯ ದಿನ ಬೇರೆ. ಹುಡುಗರ ಹಿಂದೆ ಚೀಲ ಹೊತ್ತವರು, ಕೋಳಿ ಹಿಡಿದವರು ಕಿಟಕಿ ತುಂಬ ನಿಂತರು. ವಿಜ್ಞಾನಕ್ಕೆ ಇಷ್ಟು ಜನ ಸೇರಿದ್ದನ್ನು ನೋಡಿ ನಾನು ಎರಡು ಅಂಗುಲ ಉದ್ದವಾದೆ.

ಮಾತು ನಿಜಕ್ಕೂ ಚೆನ್ನಾಗಿಯೇ ಹೋಯಿತು. ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಶಕ್ತಿಯನ್ನು ಅಳೆದರೆ ಸಿಗುವುದು ಈ ಮೆಟ್ಟಿಲು, ಇಲ್ಲವೇ ಆ ಮೆಟ್ಟಿಲು, ನಡುವಿನದು ಸಿಗುವುದಿಲ್ಲ ಎಂದೆ. ಮೇಲಿನ ಮೆಟ್ಟಿಲಿಂದ ಇಳಿಯುವಾಗ ಅದು ಬೆಳಕು ಬಿಡುತ್ತದೆ, ಆ ಬಣ್ಣ ನೋಡಿಯೇ ನಕ್ಷತ್ರದಲ್ಲಿ ಯಾವ ಪರಮಾಣು ಇದೆಯೆಂದು ಹೇಳುತ್ತಾರೆ ಎಂದೆ. ಮೇಲೇರಿದ ಪರಮಾಣುಗಳನ್ನು ಒಟ್ಟಿಗೆ ತಾಳ ಹಾಕಿಸಿ ಇಳಿಸಿದರೆ ಲೇಸರ್ ಬೆಳಕು. ಯಾವುದು ಯಾವ ಸ್ಥಿತಿಯಲ್ಲಿದೆ, ಅದನ್ನು ಬೇರೆ ಸ್ಥಿತಿಗೆ ತರುವುದು ಹೇಗೆ, ತಂದರೆ ಎಷ್ಟು ಹೊತ್ತು ನಿಲ್ಲುತ್ತದೆ, ಈಗಿನ ಸಂಶೋಧನೆ ಬಹಳಷ್ಟು ಇದರ ಬೆನ್ನು ಹತ್ತಿದೆ ಎಂದೆ. ಅಳೆಯುವ ಮೊದಲು ಎರಡು ಮೆಟ್ಟಿಲೂ ಬೆರೆತ ಒಂದು ಸ್ಥಿತಿಯಲ್ಲಿ ಎಲೆಕ್ಟ್ರಾನು ಇರಬಲ್ಲದು ಎಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮುಚ್ಚಿದ ಮುಷ್ಟ್ಯಾಗ ಹುಣಸಿಬೀಜ ಅದನೋ ಇಲ್ಲೋ ಅಂದಂಗೇನ್ರಿ ಸರ್?"

"ಅಲ್ಲಮ್ಮ. ಬೀಜ ಮೊದಲ ಇರ್ತದ, ಇಲ್ಲಾ ಇರಂಗಿಲ್ಲ. ನಮಗ ಗೊತ್ತಿರಂಗಿಲ್ಲ ಅಷ್ಟ. ಇಲ್ಲಿ ಹಂಗಲ್ಲ. ಬಾವಿಗೆ ಎರಡು ಕಲ್ಲು ಒಗದ್ರ ಎರಡರ ತೆರಿ ಕೂಡ್ತಾವ, ಒಂದನ್ನೊಂದು ಅಳಸ್ತಾವ ನೋಡು, ಹಂಗ ಎರಡೂ..."

ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಫೌಜದಾರರು, ಹಿಂದೆ ಇಬ್ಬರು ಪೊಲೀಸರು.

"ಯಾರ್ರೀ ಇಲ್ಲಿ ಉದ್ರಿಕ್ತ?"

ಬುದ್ಧಿಯಿದ್ದವನು ಕೈಮುಗಿದು ಹಲಗೆಯ ಅರ್ಥ ಹೇಳುತ್ತಿದ್ದ. ನನ್ನ ಮುಂದೆ ಇನ್ನೂರು ಜನ ನಗಲು ಕಾಯುತ್ತಿದ್ದರು.

"ಎಲೆಕ್ಟ್ರಾನ್ ರೀ ಸಾಹೇಬ್ರ."

"ಯಾವೂರಾವ ಅವ? ಕರೀರಿ ಹೊರಗ."

"ಕಣ್ಣಿಗೆ ಕಾಣಂಗಿಲ್ರಿ."

"ತಲಿ ಮರಿಸ್ಕೊಂಡಾನೇನು?"

"ಒಬ್ಬನಲ್ರಿ, ಈ ಖೋಲಿಯಾಗ ಲೆಕ್ಕ ಇಲ್ದಷ್ಟು ಅದಾವ."

ಸೂರು ಹಾರುವಂತೆ ಜನ ನಕ್ಕರು. ನಗದೆ ಇದ್ದವರು ಇಬ್ಬರು. ಒಬ್ಬರು ಫೌಜದಾರರು. ಇನ್ನೊಬ್ಬ ನನ್ನ ಗೆಳೆಯ. ಅವನ ಮುಖ ನೋಡಿದ ಮೇಲೆ ನನ್ನ ನಗು ಅರ್ಧದಲ್ಲೇ ಸಿಕ್ಕಿಕೊಂಡಿತು.

ಠಾಣೆಯಲ್ಲಿ ಹಲಗೆಯನ್ನು ಮೇಜಿಗೆ ಒರಗಿಸಿದ್ದರು.

"ಇದನ್ನ ಬರದಾಂವ ನಾನ್ರಿ," ಎಂದೆ. "ಇವಂದೇನೂ ತಪ್ಪಿಲ್ರಿ."

"ಕೆಳಗ ಸಹಿ ಯಾರದು?"

"ನಂದ್ರಿ," ಎಂದ ಗೆಳೆಯ.

"ಹಂಗಾದ್ರ ನೀ ಸುಮ್ನ ಕುಂದರಪಾ," ಎಂದು ನನಗೆ ಹೇಳಿ ಫೌಜದಾರರು ಅವನ ಕಡೆ ತಿರುಗಿದರು. "ಜನ ಸೇರಸಾಕ ಯಾರನ್ನ ಕೇಳಿದ್ರಿ ಮಾಸ್ತರ? ಈಗ ಎಂಥಾ ಟೈಮ್ ಅದ, ಪೇಪರ್ ಓದಂಗಿಲ್ಲೇನು?"

ಪುಣ್ಯಕ್ಕೆ ಹೆಡ್‌ಮಾಸ್ತರು ಬಂದು ಹೇಳಿದ ಮೇಲೆ ಕೇಸು ಗೀಸು ಇಲ್ಲದೆ ಚಹಾ ಕುಡಿಸಿಯೇ ಕಳಿಸಿದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಾನು ಬಿಡಬೇಕಲ್ಲ. ಎಲ್ಲವನ್ನೂ ಸರಿಮಾಡುತ್ತೇನೆಂದು ಮಾರನೆಯ ದಿನ ಗೆಳೆಯನಿಗೂ ಹೇಳದೆ ಕಮಿಟಿಯ ಅಧ್ಯಕ್ಷರ ಮನೆಗೆ ಹೋದೆ. ಹತ್ತಿಯ ವ್ಯಾಪಾರಿ, ಸಾಧು ಮನುಷ್ಯ.

"ಗಲಾಟಿ ವಿಷಯ ಅಲ್ರಿ ಯಜಮಾನ್ರ. ಅದು ಪರಮಾಣು ವಿಷಯ," ಎಂದೆ ಬಹಳ ಧೈರ್ಯ ಕೊಡುವವನಂತೆ.

ಅವರು ಬಾಯಿಗಿಡುತ್ತಿದ್ದ ಎಲೆಯನ್ನು ಕೆಳಗಿಟ್ಟರು. "ಪರಮಾಣು? ಬಾಂಬೇನ್ರಿ?"

"ಛೇ ಛೇ, ಬರೇ ಬೆಳಕು. ಹಾಂ, ಕಬ್ಬಿಣ ಕೊಯ್ಯುವಂಥ ಬೆಳಕೂ ಮಾಡಬಹುದು..."

ಅವರು ಎದ್ದು ನಿಂತರು. "ನಮ್ಮದು ಸಣ್ಣ ಸಾಲಿ ಅದಪಾ. ಬಾಂಬು ಕಲಸೋ ಮಾಸ್ತರನ್ನ ಇಟ್ಕೊಳ್ಳಾಕ ಆಗಲ್ಲ."

ಹಲಗೆಯ ಮಾತನ್ನು ಅವರು ಕೆಲವು ದಿನಕ್ಕೆ ಮರೆಯುತ್ತಿದ್ದರೇನೋ. ನಾನು ಮರೆಯಗೊಡಲಿಲ್ಲ. ಜೂನಿಗೆ ಗೆಳೆಯನನ್ನು ಖಾಯಂ ಮಾಡುವುದಿರಲಿ, ಬಿಡಿಸಿಯೇಬಿಟ್ಟರು. ಅವನು ಮಾನ್ವಿಯ ಒಂದು ಶಾಲೆಯಲ್ಲಿ, ರಜೆ ಹಾಕಿದ ಮಾಸ್ತರರೊಬ್ಬರ ಜಾಗದಲ್ಲಿ ತಾತ್ಕಾಲಿಕವಾಗಿ ಸೇರಿಕೊಂಡ.

ಮಳೆಗಾಲದಲ್ಲಿ, ಮಳೆಯಿಲ್ಲದ ಒಂದು ಭಾನುವಾರ ಮಾನ್ವಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡಿದ್ದೆ. ಪ್ರತಿ ಸಲವೂ ಕೊನೆಗೊಂದು ಚಟಾಕಿ ತಾನಾಗಿ ಅಂಟಿಕೊಳ್ಳುತ್ತಿತ್ತು, ಕಿತ್ತು ಎಸೆಯುತ್ತಿದ್ದೆ. ಬಾಗಿಲು ತೆರೆದದ್ದು ಗೆಳೆಯನ ಹೆಂಡತಿ.

"ಬರ್ರಿ, ಬರ್ರಿ. ಈ ಮನಿ ಮ್ಯಾಲ ಬೋರ್ಡ್ ಏನ್ ಬರೀತೀರಿ?"

ನಾನು ಚಪ್ಪಲಿ ಬಿಡುವುದನ್ನು ಮರೆತು ನಿಂತೆ. ಗೆಳೆಯ ಒಳಗಿಂದ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ ಅವಳ ಕಡೆ ತಿರುಗಿದ. "ಸುಮ್ನಿರಲೇ ನೀ. ಓದಿದಾಗ ನಾನೂ ನಕ್ಕೀನಲ್ಲ. ಅಳಸಬೇಕಿತ್ತು, ಅಳಸಲಿಲ್ಲ," ಎಂದ. ಬೈದಿದ್ದರೆ ಊಟವಾದರೂ ರುಚಿಸುತ್ತಿತ್ತು.

ಒಳಗೆ ಗೋಡೆಗೆ ಒರಗಿ ಅವನ ಅಪ್ಪ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹಿಂಡು ನೀರಮಾನ್ವಿ ಕಡೆಯ ಹೊಲದಲ್ಲಿ ನಿಂತಿತ್ತು. ಮಗನನ್ನು ನೋಡಲು ಬಂದು ಈಗ ಹೊರಟಿದ್ದ.

"ಏನೋ ಒಂದು ಮ್ಯಾಲ ಏರ್ತದ ಅಂತಲ್ಲಪಾ, ನೀ ಹೇಳಿದ್ದು. ಅದೇನು?"

ಹೇಳಿದೆ. ಒಂದೂ ಜೋಕಿಲ್ಲದೆ. ಮೇಲೇರಿದ್ದು ಹಾಗೇ ನಿಲ್ಲುವುದಿಲ್ಲ, ಕೆಳಗಿಳಿಯುತ್ತದೆ, ಇಳಿಯುವಾಗ ಬೆಳಕು ಬಿಡುತ್ತದೆ ಎಂದೆ.

"ಯಾವಾಗ ಇಳೀತದ?"

"ಹೇಳಾಕ ಬರಂಗಿಲ್ಲ ಯಪ್ಪಾ. ಸಾವಿರಾರು ಇದ್ರ, ಅದರಾಗ ಅರ್ಧ ಎಷ್ಟೊತ್ತಿಗೆ ಇಳೀತಾವ ಅಂತ ಲೆಕ್ಕ ಹಾಕಬಹುದು. ಒಂದರದು ಯಾವಾಗ ಅಂದ್ರ ಯಾರಿಗೂ ಗೊತ್ತಾಗಲ್ಲ."

"ಮತ್ತ ಇವಂದು? ಇವ ಖಾಯಂ ಯಾವಾಗ ಆಗ್ತಾನ? ನೀ ದೊಡ್ಡ ಕಾಲೇಜಿನಾಗ ಇರಾಂವ, ನಿನಗ ಗೊತ್ತಿರಬೇಕು."

ಗೆಳೆಯ ಕಿಟಕಿಯ ಹೊರಗೆ ನೋಡಿದ. ನಾನು ಎಣ್ಣೆಯ ಬಟ್ಟಲನ್ನು ಮುದುಕನ ಹತ್ತಿರಕ್ಕೆ ಸರಿಸಿದೆ.

"ಇರಲಿ ಬಿಡಪಾ," ಎಂದು ಮುದುಕ ಗೋಡೆ ಹಿಡಿದು ಎದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲನ್ನು ಒಂದೊಂದಾಗಿ, ಓರೆಯಾಗಿ ಇಳಿದ. ಅವನ ಬುತ್ತಿಯ ಗಂಟು ನಾನು ಹಿಡಿದುಕೊಂಡೆ. ಊರ ಹೊರಗಿನವರೆಗೂ ಹಿಂದೆ ಹಿಂದೆ ನಡೆದೆ. ಅವನು ತಿರುಗಿ ತಿರುಗಿ, "ಹೋಗಪಾ, ಬಿಸಿಲಾಗ ಯಾಕ ಬರ್ತಿ," ಅನ್ನುತ್ತಲೇ ಇದ್ದ.