ಗಣಿತಕ್ಕೆ ಹೋದ ಆಟದ ಪೀರಿಯಡ್ಡು

ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದಾಗ ನನಗೆ ಮೊದಲು ಖುಷಿಯೇ ಆಯಿತು. ಕಳೆದ ವಾರ ಚಳ್ಳಕೆರೆಯಲ್ಲಿ ಮಗಳ ಶಾಲೆಯ ಪೋಷಕರ ಸಭೆಗೆ ಹೋಗಿದ್ದೆ. ಮೈದಾನದ ತುಂಬ ಆಗಷ್ಟೇ ಎಳೆದ ಬಿಳಿ ಗೆರೆಗಳು. ಖೋ ಖೋ ಆಡಿಸುತ್ತಾರೆ ಎಂದುಕೊಂಡು ಹತ್ತಿರ ಹೋದೆ. ಗೆರೆಗಳ ನಡುವೆ ಹಳದಿ ಬಸ್ಸುಗಳು ನಿಂತಿದ್ದವು. ಬಸ್ಸು ನಿಲ್ಲಿಸುವುದಕ್ಕೆಂದೇ ಎಳೆದ ಗೆರೆಗಳು ಅವು. ಮೂಲೆಯಲ್ಲಿ ಉಳಿದಿದ್ದ ಒಂದು ಖೋ ಖೋ ಕಂಬಕ್ಕೆ ಯಾರೋ ಡ್ರೈವರು ಟವೆಲ್ ಒಣಗಹಾಕಿದ್ದ.

ನನಗೆ ಸುಣ್ಣದ ವಾಸನೆಯೆಂದರೆ ನಮ್ಮ ಪಿ.ಟಿ. ಮೇಷ್ಟ್ರ ವಾಸನೆ. ಮೊಳಕಾಲ್ಮೂರಿನ ನಮ್ಮ ಹೈಸ್ಕೂಲಿನಲ್ಲಿ ಅವರ ಕೈ, ಪ್ಯಾಂಟಿನ ಮಡಿಕೆ, ಕೊರಳಲ್ಲಿ ನೇತಾಡುವ ಸೀಟಿಯ ದಾರ ಎಲ್ಲಕ್ಕೂ ಸುಣ್ಣ ಮೆತ್ತಿರುತ್ತಿತ್ತು. ಮುಖ ಈಗ ಅರ್ಧಂಬರ್ಧ ನೆನಪು... ಆ ಸುಣ್ಣದ ಕೈ ಮಾತ್ರ ಚೆನ್ನಾಗಿ ನೆನಪಿದೆ.

ನಮ್ಮದು ರೇಷ್ಮೆ ಸೀರೆ ನೇಯುವವರ ಕೇರಿ. ನನ್ನಂಥ ಹುಡುಗಿಯರು ಬೆಳಗ್ಗೆ ಎದ್ದ ಕೂಡಲೇ ರಾಟೆಯ ಮುಂದೆ ಕೂತು ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತಬೇಕಿತ್ತು. ನೂಲು ಸುತ್ತಿದ ಆ ಸಣ್ಣ ಕೊಳವೆಗಳಿಲ್ಲದೆ ಲಾಳಿ ಓಡುವುದಿಲ್ಲ. ಅಲ್ಲಿಂದ ಎದ್ದು ಬಂದು ಶಾಲೆಯಲ್ಲಿ ಕೂರುವುದು, ಸಂಜೆ ಮತ್ತೆ ರಾಟೆ. ಇಳಿಹೊತ್ತಿನ ಗಣಿತದ ಪಾಠದಲ್ಲಿ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಗಣಿತದ ಮೇಷ್ಟ್ರು ಡಸ್ಟರ್ ಎಸೆಯುತ್ತಿದ್ದರು, ದಡ್ಡಿ ಎನ್ನುತ್ತಿದ್ದರು. ಹತ್ತನೇ ತರಗತಿ ಪಾಸಾಗದಿದ್ದರೆ ಓದು ಬಿಡಿಸಿ ಮಗ್ಗಕ್ಕೇ ಕೂರಿಸುತ್ತೇನೆಂದು ಅಪ್ಪ ಆಗಲೇ ಹೇಳಿಯಾಗಿತ್ತು.

ಒಂದು ದಿನ ಹೀಗೇ ತೂಕಡಿಸಿ ತರಗತಿಯ ಹೊರಗೆ ನಿಂತಿದ್ದಾಗ ಪಿ.ಟಿ. ಮೇಷ್ಟ್ರು ಬಂದರು. ಬೈಯಲಿಲ್ಲ. ಮನೆಯಲ್ಲಿ ಏನೇನು ಕೆಲಸ ಮಾಡುತ್ತೀಯ ಎಂದು ವಿಚಾರಿಸಿದರು. ಹೇಳಿದೆ.

"ಅಂದ್ರೆ ಬೆಳಗ್ಗಿಂದ ಕುಂತೇ ಇರ್ತೀಯಲ್ಲಮ್ಮ. ನಿದ್ದೆ ಬರದೆ ಇನ್ನೇನಾಗ್ತೈತೆ?" ಎಂದರು.

ಆಮೇಲೆ ಹೆಡ್ಮಾಸ್ಟರ ಬೆನ್ನು ಬಿದ್ದು, ಕೊನೆಗಿದ್ದ ಆಟದ ಪೀರಿಯಡ್ಡನ್ನೂ ಅದರ ಮುಂಚಿನ ಗಣಿತವನ್ನೂ ಅದಲುಬದಲು ಮಾಡಿಸಿದರು. ಬೇವಿನ ಮರದ ನೆರಳಲ್ಲಿ ಓಡಿ, ಬಗ್ಗಿ ಎದ್ದು, ಖೋ ಖೋ ಆಡಿ ನಾವು ಬೆವರಿಳಿಸಿಕೊಂಡು ತರಗತಿಗೆ ಬರುತ್ತಿದ್ದೆವು. ಬೆವರಿನ ನಾತಕ್ಕೆ ಗಣಿತದ ಮೇಷ್ಟ್ರು ಮೂಗು ಮುರಿದರು. ಆದರೆ ನನ್ನ ಕಣ್ಣು ಮುಚ್ಚಲಿಲ್ಲ. ಬೋರ್ಡಿನ ಮೇಲಿನ ತ್ರಿಕೋನದಲ್ಲಿ ಯಾವ ಬಾಹು ಯಾವುದಕ್ಕೆ ಸಮ ಎನ್ನುವುದು ಮೊದಲ ಸಲ ತಲೆಗೆ ಹೋಯಿತು.

ಪರೀಕ್ಷೆ ಹತ್ತಿರ ಬಂತು ನೋಡಿ, ಶುರುವಾಯಿತು ಹಳೇ ರಾಗ. ಪಾಠ ಮುಗಿದಿಲ್ಲ, ರಿಸಲ್ಟ್ ಬೇಕು, ಆಟ ಬಂದ್. ಆಟದ ಪೀರಿಯಡ್ಡು ಗಣಿತದ ಪಾಲಾಯಿತು. ಪಿ.ಟಿ. ಮೇಷ್ಟ್ರಿಗೆ ಉಗ್ರಾಣದ ಹಳೇ ಬೆಂಚು ಎಣಿಸುವ ಕೆಲಸ ಸಿಕ್ಕಿತು. ಹುಡುಗರೆಲ್ಲ ನೋಡುತ್ತಿರುವಂತೆಯೇ ಅವರು ವರಾಂಡದಲ್ಲಿ ಹೆಡ್ಮಾಸ್ಟರನ್ನು ತಡೆದು ನಿಲ್ಲಿಸಿದರು.

"ಕುಂದ್ರಿಸಿದಷ್ಟೂ ಲೆಕ್ಕ ಬರ್ತೈತೆ ಅನ್ನಂಗಿದ್ರೆ, ನಮ್ಮೂರ ಮಗ್ಗದೋರೆಲ್ಲಾ ಗಣಿತದ ಮೇಷ್ಟ್ರಾಗ್ಬೇಕಿತ್ತು ಸಾರ್."

ಹೆಡ್ಮಾಸ್ಟರು ಅವರ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟು ಹೋದರು.

ಅದಾದ ಮೇಲೆ ಪಿ.ಟಿ. ಮೇಷ್ಟ್ರು ಬೆಳಗ್ಗೆ ಶಾಲೆ ಶುರುವಾಗುವುದಕ್ಕೆ ಮುಂಚೆ ಮಕ್ಕಳನ್ನು ಓಡಿಸತೊಡಗಿದರು. ಆದರೆ ಬೆಳಗ್ಗೆ ನಮಗೆ ಕಂಡಿಕೆಯಿತ್ತಲ್ಲ? ನಮ್ಮ ಮನೆಗೇ ಬಂದರು. ಮಗ್ಗ ನಿಲ್ಲಿಸದೆಯೇ ಅಪ್ಪ ಕೇಳಿದರು:

"ಓಡಿದ್ರೆ ಲೆಕ್ಕ ಬರ್ತೈತಾ ಸಾರ್?"

"ಕುಂತ್ರೆ ಬಂತಾ?"

ಅಪ್ಪ ಲಾಳಿ ಹಿಡಿದುಕೊಂಡೇ ನಕ್ಕುಬಿಟ್ಟರು. ಒಳಗಿನಿಂದ ಅವ್ವ, ಹೋಗಲಿ ಬಿಡು, ಕಂಡಿಕೆ ನಾನು ಸುತ್ತುತ್ತೇನೆ ಅಂದಳು. ಅಷ್ಟೇ... ನನ್ನ ಓದು ಉಳಿದದ್ದು ಆ ಬಾಗಿಲಲ್ಲಿ.

ನಾನು ಪಾಸಾದೆ. ಶಾಲೆಗೆ ಒಳ್ಳೆಯ ಫಲಿತಾಂಶ ಬಂತೆಂದು ಸಮಾರಂಭ ಮಾಡಿದರು. ಬೆಳಗ್ಗೆಯಿಂದ ಶಾಮಿಯಾನ ಕಟ್ಟಿಸಿದ್ದು, ಕುರ್ಚಿ ಹಾಕಿಸಿದ್ದು, ಮೈಕು ಸರಿಮಾಡಿದ್ದು, ನಮ್ಮನ್ನು ಸಾಲಾಗಿ ಕೂರಿಸಿದ್ದು ಎಲ್ಲ ಪಿ.ಟಿ. ಮೇಷ್ಟ್ರೇ. ಶಾಲು ಹೊದಿಸಿದ್ದು ಗಣಿತದ ಮೇಷ್ಟ್ರಿಗೆ. ಆ ಹೊತ್ತಿಗೆ ಗಾಳಿ ಎದ್ದಿತ್ತು. ಶಾಮಿಯಾನ ಹಾರಿಹೋಗದಂತೆ ಪಿ.ಟಿ. ಮೇಷ್ಟ್ರು ವೇದಿಕೆಯ ಹಿಂದೆ ಕಂಬ ಹಿಡಿದುಕೊಂಡು ನಿಂತಿದ್ದರು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಭಾಷಣದಲ್ಲಿ ಒಂದು ಮಾತು ಅವರ ಬಗ್ಗೆ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲವಂತೆ. ಹೋದ ವರ್ಷ ತೀರಿಕೊಂಡರಂತೆ. ಇದೂ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಜೊತೆಯಲ್ಲಿ ಓಡುತ್ತಿದ್ದ ಗೆಳತಿಯೊಬ್ಬಳು ಸಿಕ್ಕಾಗ...

ಈಗ ನನ್ನ ಮಗಳೂ ಹತ್ತನೇ ತರಗತಿ. ರಾಟೆಯಿಲ್ಲ, ಮಗ್ಗವಿಲ್ಲ. ಬಸ್ಸಿನಲ್ಲಿ ಕೂತು ಹೋಗುತ್ತಾಳೆ, ಬೆಂಚಿನ ಮೇಲೆ ಕೂತಿರುತ್ತಾಳೆ, ಅಲ್ಲಿಂದ ಬಂದು ಟ್ಯೂಷನ್ನಿನಲ್ಲಿ ಕೂರುತ್ತಾಳೆ. ಮನೆಗೆ ಬಂದು ಗಣಿತದ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ಆಟದ ಪೀರಿಯಡ್ಡು ಏಕೆ ತೆಗೆದಿರಿ ಎಂದು ಕಳೆದ ವಾರದ ಆ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಪ್ರಿನ್ಸಿಪಾಲರು ನಕ್ಕು, ಟೆಂತ್ ಅಲ್ಲವೇ, ಒಂದು ವರ್ಷ ತಾನೇ ಎಂದರು. ಪೋಷಕರೆಲ್ಲ ಗೋಣು ಆಡಿಸಿದರು. ಒಬ್ಬರಂತೂ ಭಾನುವಾರವೂ ಸ್ಪೆಷಲ್ ಕ್ಲಾಸ್ ಇಡಿ ಎಂದು ಬೇಡಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಇಷ್ಟು ದಿನ ಕುಂತು ಬಂತಾ ಸಾರ್?" ಎಂದೆ.

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಪ್ರಿನ್ಸಿಪಾಲರು ಫೀಸಿನ ವಿಷಯಕ್ಕೆ ಹೋದರು. ಮಗಳು ತಲೆ ತಗ್ಗಿಸಿ ಕೂತಿದ್ದಳು.

ಅವಳನ್ನು ಕರೆದುಕೊಂಡು ಮೈದಾನಕ್ಕೆ ಬಂದೆ. ಆಗ ಕೇಳಿಸಿತು, ಸೀಟಿ. ಆ ಸದ್ದಿಗೆ ನನ್ನ ಕಾಲು ತಾನಾಗಿ ಓಡಲು ಅಣಿಯಾಯಿತು. ಟ್ರ್ಯಾಕ್ ಪ್ಯಾಂಟ್ ಹಾಕಿದ ಯುವಕರೊಬ್ಬರು ಸೀಟಿ ಊದುತ್ತಾ ಕೈ ಬೀಸುತ್ತಿದ್ದರು. ನಮ್ಮ ಪಿ.ಟಿ. ಸರ್ ಎಂದಳು ಮಗಳು. ಅವರ ಸೀಟಿಗೆ ತಕ್ಕಂತೆ ಬಿಳಿ ಗೆರೆಗಳ ನಡುವೆ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ನಾವಿಬ್ಬರೂ ಗೆರೆ ಬಿಟ್ಟು ಪಕ್ಕಕ್ಕೆ ಸರಿದು ನಿಂತೆವು.