ತಮಿಳು ಮಾತಾಡಬಾರದ ಚಾವಡಿ

ತಮಿಳುನಾಡಿನ ತೇನಿಯಲ್ಲಿ ನನ್ನದು ಟೈಲ್ಸ್ ಅಂಗಡಿ. ಯಾರಾದರೂ ಹಳೆ ಮನೆ ಒಡೆದರೇನೇ ನಮ್ಮ ಮನೆಯ ಒಲೆ ಉರಿಯುವುದು. ಅಂಥವಳು ಉತ್ತಮಪಾಳಯಂನಲ್ಲಿರುವ ನಮ್ಮ ಕುಲದ ಚಾವಡಿಯನ್ನು ಒಡೆಯಬಾರದು ಎಂದು ವಾದಕ್ಕೆ ನಿಂತರೆ ಜನ ನಗದೆ ಇರುತ್ತಾರೆಯೇ? "ಟೈಲ್ಸ್ ಮಾರೋಳ್ಗೆ ಕಲ್ಕಂಬದ್ ಮ್ಯಾಲೆ ಏನ್ ಆಸೆ ಮಗ್ಳೇ?" ಎಂದು ಕುಲದ ಹಿರಿಯರೊಬ್ಬರು ಎಲ್ಲರೆದುರೇ ಕೇಳಿದರು. ಆಸೆ ಇತ್ತು, ಅಷ್ಟೇ. ಎಲ್ಲದಕ್ಕೂ ಕಾರಣ ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಚಾವಡಿ ನೋಡಲು ಅಂಥ ಚೆಂದವೇನಲ್ಲ. ಕೆತ್ತನೆ ಇಲ್ಲದ ಕಲ್ಲುಕಂಬ, ಸುಣ್ಣದ ಗಾರೆ, ಮಳೆ ಬಂದರೆ ಸೋರುವ ಒಂದು ಮೂಲೆ. ಕಂಬಂ ರಸ್ತೆ ಅಗಲವಾದ ಮೇಲೆ ಅದರ ಎರಡೂ ಪಕ್ಕ ಗಾಜಿನ ಮುಖದ ಅಂಗಡಿಗಳು ಎದ್ದು, ಇದು ಮದುವೆ ಮನೆಗೆ ಹಳೆ ಸೀರೆಯಲ್ಲಿ ಬಂದ ನೆಂಟರ ಹೆಂಗಸಿನ ಹಾಗೆ ನಡುವೆ ಕೂತಿತ್ತು. ಅದನ್ನು ಕೆಡವಿ, ಕೆಳಗೆ ಅಂಗಡಿ ಮೇಲೆ ಏಸಿ ಕಲ್ಯಾಣ ಮಂಟಪ ಕಟ್ಟೋಣ ಎಂದು ಕುಲದ ಹುಡುಗರ ಯೋಜನೆ. ಅವರಲ್ಲೊಬ್ಬ, ದಿಂಡಿಗಲ್‌ನಲ್ಲಿರುವ ನಮ್ಮವನೇ ಆದ ಇಂಜಿನಿಯರ್, ನಕ್ಷೆಯನ್ನೂ ಮಾಡಿಸಿಟ್ಟಿದ್ದ.

ಆದರೆ ಆ ಚಾವಡಿಗೆ ಒಂದು ಕಟ್ಟಳೆ ಇತ್ತು. ಅಲ್ಲಿ ಕೂತವರು ನಮ್ಮ ಮಾತನ್ನೇ ಆಡಬೇಕು. ನಮ್ಮವರು ಕನ್ನಡ ನಾಡು ಬಿಟ್ಟು ಎಷ್ಟೋ ತಲೆಮಾರಾಯಿತು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತಮಿಳು, ಸಂತೆಯಲ್ಲಿ ಪೂರ್ತಿ ತಮಿಳು. ಚಾವಡಿಯಲ್ಲಿ ಮಾತ್ರ ಅದು ನಡೆಯದು. ಯಾರ ಬಾಯಲ್ಲಾದರೂ ತಮಿಳು ಬಂತೋ, ಅವರು ಕೆಳಗಿಳಿದು, ಮೆಟ್ಟಿಲ ಪಕ್ಕದ ಅಂಡೆಯ ನೀರಲ್ಲಿ ಕಾಲು ತೊಳೆದು ಮತ್ತೆ ಹತ್ತಬೇಕು.

ಈ ಕಟ್ಟಳೆಯ ಕಾವಲುಗಾರ್ತಿ ನನ್ನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲಿ ಅವಳನ್ನು ಗಂಡನ ಮನೆಯವರು ಹೊರಗೆ ಹಾಕಿ, ಅವಳ ಪಾಲಿನ ಬಾಳೆ ತೋಟವನ್ನೂ ಇಟ್ಟುಕೊಂಡಿದ್ದರು. ಹೆಂಗಸರ ಪರವಾಗಿ ಗಂಡಸರು ಮಾತಾಡುತ್ತಿದ್ದ ಕಾಲ ಅದು. ಅತ್ತೆ ಮಾತ್ರ ತಾನೇ ಚಾವಡಿ ಹತ್ತಿ, ಕಂಬ ಹಿಡಿದುಕೊಂಡು, ತನ್ನ ಕಥೆಯನ್ನು ತಾನೇ ಹೇಳಿದಳು. ಕುಲ ಅವಳ ಮಾತನ್ನು ನಂಬಿತು. ತೋಟ ವಾಪಸು ಬಂತು. ಅವಳಿಗೆ ಚಾವಡಿ ಎಂದರೆ ಆ ದಿನ. ಅದು ಬಿದ್ದರೆ ತಾನು ಬದುಕಿದ್ದಕ್ಕೆ ಸಾಕ್ಷಿಯೇ ಇಲ್ಲ ಎನ್ನುತ್ತಿದ್ದಳು.

ಒಡೆಯುವ ವಿಷಯಕ್ಕೆ ಮೊದಲ ಕೂಟ ಚಾವಡಿಯಲ್ಲೇ ಸೇರಿತು. ಇಂಜಿನಿಯರ್ ಎದ್ದು, "ನಮ್ದು ಕಟ್ಟಡ... ತುಂಬಾ ಹಳೇದು... ಅದುನಾಲ" ಎಂದ. 'ಆದ್ದರಿಂದ' ಎನ್ನುವಲ್ಲಿ ತಮಿಳು ಬಂದಿತ್ತು. ಅತ್ತೆ ಅಂಡೆಯ ಕಡೆ ಬೆರಳು ತೋರಿಸಿದಳು. ಅವನು ಹೋಗಿ ಕಾಲು ತೊಳೆದು ಬಂದ. ಮತ್ತೆ ಬಾಯಿ ತೆರೆದ, ಮತ್ತೆ ತಮಿಳು ಬಂತು, ಮತ್ತೆ ಇಳಿದ. ಮುದುಕರಿಗೆಲ್ಲ ನಗುವೋ ನಗು. ಕೊನೆಗೆ ಅವನು ಮೇಲೆ ಬರಲೇ ಇಲ್ಲ. ತೊಯ್ದ ಪ್ಯಾಂಟಿನಲ್ಲೇ ಬೈಕ್ ಹತ್ತಿ ಹೋದ. ಅವನ ಹಿಂದೆ ಮಿಕ್ಕ ಹುಡುಗರೂ ಹೋದರು.

ನಾವು ಗೆದ್ದೆವೆಂದು ಅತ್ತೆ ಬೀಗಿದಳು. ವಾರ ಕಳೆಯುವುದರೊಳಗೆ ಸುದ್ದಿ ಬಂತು: ಮುಂದಿನ ಕೂಟ ತೇನಿಯ ಹೋಟೆಲಿನಲ್ಲಂತೆ, ಯಾವ ಮಾತಾದರೂ ಆಡಬಹುದಂತೆ. ಅಲ್ಲಿ ಕೈ ಎತ್ತಿಸಿ ಮತ ಎಣಿಸಿದರೆ ಚಾವಡಿಯ ಕಥೆ ಮುಗಿದ ಹಾಗೆಯೇ. ನಾನು ಅತ್ತೆಯ ಮನೆಗೆ ಹೋಗಿ ರೇಗಿದೆ. "ಗೋಡೆನೇ ಇಲ್ದೆ ಹೋದ್ಮ್ಯಾಲೆ ನಿನ್ ಕಟ್ಳೆನ ಎಲ್ಲಿ ಮಡಗ್ತೀಯ? ಆ ಪಿಳ್ಳೆಗಳ್ಗೆ ನಮ್ ಮಾತು ಕೇಳಾಕ್ ಬತ್ತದೆ, ಆಡಾಕ್ ಬರಾಕಿಲ್ಲ. ಅವ್ರು ಏನ್ ಮಾಡಾರು?" ಅತ್ತೆ ಮುಖ ತಿರುಗಿಸಿ ಮಲಗಿದಳು. ಕಾಫಿಯನ್ನೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. "ಅವ್ರ್ನ ಚಾವಡಿಗೇ ಬರಾಕೇಳು. ಆ ಅಂಡೆನ ತೆಗ್ಸಾಕು." ನಾನು ಏನಾದರೂ ಹೇಳುವ ಮೊದಲೇ ಇಟ್ಟುಬಿಟ್ಟಳು.

ಹುಡುಗರು ಬಂದರು. ಹುಟ್ಟಿದ ಮೇಲೆ ಚಾವಡಿ ಹತ್ತದವರೂ ಬಂದಿದ್ದರು. ಇಂಜಿನಿಯರ್ ಮೆಟ್ಟಿಲ ಪಕ್ಕ ಅನುಮಾನದಿಂದ ನೋಡಿ, ಅಂಡೆ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡೇ ಹತ್ತಿದ. ತನ್ನ ಯೋಜನೆಯನ್ನು ತಮಿಳಿನಲ್ಲಿ ಚೆನ್ನಾಗಿಯೇ ಹೇಳಿದ. ಹುಡುಗ ದಡ್ಡನಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು. ಆಮೇಲೆ ಅತ್ತೆ ಎದ್ದಳು. ಅದೇ ಕಂಬ ಹಿಡಿದಳು. "ಇಂಗ ನಿನ್ನುದಾನ್ ನಾನ್ ಪೇಸಿನೇನ್" ಎಂದಳು. ಇಲ್ಲೇ ನಿಂತು ನಾನು ಮಾತಾಡಿದ್ದು ಎಂದು. ಮುದುಕರು ಬೆಚ್ಚಿಬಿದ್ದರು. ಬಾಳೆಕಾಯಿ ಮಂಡಿಯಲ್ಲಿ ಚೌಕಾಸಿ ಮಾಡಿ ಹದವಾದ ತಮಿಳು ಅವಳದು. ಗಂಡನ ಮನೆ, ತೋಟ, ಅವತ್ತು ಹಿಡಿದ ಕಂಬ, ಎಲ್ಲವನ್ನೂ ಹೇಳಿದಳು. ಹುಡುಗರು ಈ ಕಥೆಯನ್ನು ಕೇಳಿಯೇ ಇರಲಿಲ್ಲ. ಇಷ್ಟು ದಿನ ಅವರಿಗೆ ಇದನ್ನು ಯಾರು ಹೇಳಿದ್ದರು?

ಆಮೇಲಿನ ಮಾತುಕತೆ ಸುಲಭವಾಗಿ ನಡೆಯಿತು. ಇಂಜಿನಿಯರ್ ನಕ್ಷೆಯನ್ನು ಹಿಂದುಮುಂದು ತಿರುಗಿಸಿ, ಅಂಗಡಿಗಳನ್ನು ಹಿತ್ತಿಲ ಖಾಲಿ ಜಾಗಕ್ಕೆ ತಳ್ಳಬಹುದು ಎಂದ. ಚಾವಡಿಗೆ ಸಿಮೆಂಟ್ ಮುಟ್ಟಿಸದೆ ಸುಣ್ಣದ ಗಾರೆಯಲ್ಲೇ ರಿಪೇರಿ ಎಂದಾಯಿತು. "ಒಂದ್ ಟೈಲ್ಸೂ ಕಳ್ಸಾಕಿಲ್ಲ" ಎಂದು ನಾನು ಕೂಗಿದೆ. ಎಲ್ಲರೂ ನಕ್ಕರು.

ಸಂಜೆ ಟೌನ್ ಬಸ್ಸಿನಲ್ಲಿ ಅತ್ತೆಯನ್ನು ಅವಳ ಊರಿಗೆ ಕರೆದುಕೊಂಡು ಹೊರಟೆ. ಕಿಟಕಿ ಪಕ್ಕ ಕೂತು ಅವಳು ಕೂಟದ ಕಥೆಯನ್ನೆಲ್ಲ ಮತ್ತೆ ಮೊದಲಿನಿಂದ ಹೇಳತೊಡಗಿದಳು: ಯಾರು ಬಾಯಿ ಬಿಟ್ಟುಕೊಂಡು ನೋಡಿದರು, ಯಾರು ಕಣ್ಣೊರೆಸಿಕೊಂಡರು, ಆ ಹುಡುಗ ಕಂಬವನ್ನು ಹೇಗೆ ಮುಟ್ಟಿ ನೋಡಿದ. ಅವಳಿಗೆ ಅಷ್ಟು ಖುಷಿಯಾದದ್ದನ್ನು ನಾನು ಕಂಡಿರಲಿಲ್ಲ. "ಮಂಡಿ ನೋಯ್ತದಾ ಅತ್ತೆ?" ಎಂದು ನಡುವೆ ಕೇಳಿದೆ. "ಇಲ್ಲ ಕಣ್ಣು, ವಲಿಯೇ ಇಲ್ಲ, ನಲ್ಲಾ ಇರುಕ್ಕೇನ್" ಎಂದಳು, ನೋವೇ ಇಲ್ಲ, ಚೆನ್ನಾಗಿದ್ದೇನೆ ಎಂದು. ಮತ್ತೆ ಕಥೆಗೆ ಹೋದಳು. ಬಸ್ ಹತ್ತಿದಾಗಿನಿಂದ ಅವಳು ನನ್ನ ಹತ್ತಿರ ತಮಿಳಿನಲ್ಲೇ ಮಾತಾಡುತ್ತಿದ್ದಳು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ನನಗೆ ಆ ಅಂಡೆ ನೆನಪಾಯಿತು. ನಾನು ಹೇಳಲಿಲ್ಲ. ನಾನೂ ತಮಿಳಿನಲ್ಲೇ ಹೂಂಗುಟ್ಟುತ್ತಾ ಹೋದೆ.